ಓದುಗರ ಪ್ರಶ್ನೆ: ಇಸ್ರೋದ ಸಂಶೋಧನಾ ಹಣ ನಮ್ಮಂಥ ಕಾಲೇಜಿಗೂ ಸಿಗುತ್ತಾ?

ಪ್ರಶ್ನೆ: ನಾನು ಉತ್ತರ ಕರ್ನಾಟಕದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪಿಎಚ್‌ಡಿ ಮುಗಿದಿದೆ. ಉಪಗ್ರಹದ ಚಿತ್ರಗಳಿಂದ ಮಣ್ಣಿನ ತೇವ ಅಳೆಯುವ ಕೆಲಸ ಮುಂದುವರಿಸುವ ಆಸೆ. ಇದಕ್ಕೆ ಇಸ್ರೋ ಹಣ ಕೊಡುತ್ತದೆಯೇ? ಅಥವಾ ಅದೆಲ್ಲ ಐಐಟಿ, ಐಐಎಸ್‌ಸಿಯವರಿಗೆ ಮಾತ್ರವೇ?

ಉತ್ತರ: ನಿಮ್ಮಂಥ ಕಾಲೇಜಿನವರಿಗೂ ಕೊಡುತ್ತದೆ. ಯೋಜನೆಯ ಹೆಸರು ರೆಸ್ಪಾಂಡ್. 1970ರ ದಶಕದಿಂದ ನಡೆದುಬಂದಿದೆ. ಐಐಟಿಗಳಿಗೆ ಮಾತ್ರ ಅನ್ನುವ ಮಾತು ಹುಟ್ಟಿದ್ದಕ್ಕೂ ಕಾರಣವಿದೆ. ಕೆಲವು ದೊಡ್ಡ ಸಂಸ್ಥೆಗಳಲ್ಲಿ ಇಸ್ರೋ ಜೊತೆಗಿನ ಸಂಶೋಧನೆ ನೋಡಿಕೊಳ್ಳುವ ಸ್ಪೇಸ್ ಟೆಕ್ನಾಲಜಿ ಸೆಲ್ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಅದು 1982ರಿಂದಲೂ ಇದೆ. ಅಲ್ಲಿನವರು ಆ ದಾರಿಯಲ್ಲಿ ಹೋಗುತ್ತಾರೆ. ಉಳಿದವರಿಗೆ ರೆಸ್ಪಾಂಡ್ ತೆರೆದೇ ಇದೆ. ಮಾನ್ಯತೆ ಇರುವ ಸಂಸ್ಥೆಯಲ್ಲಿ ನೀವು ಪೂರ್ಣಾವಧಿ ಅಧ್ಯಾಪಕರಾಗಿರಬೇಕು. ನಿಮ್ಮ ಸಂಶೋಧನಾ ಯೋಜನೆ ಮುಗಿಯುವ ಮೊದಲೇ ನಿವೃತ್ತಿ ಬರಬಾರದು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಇಸ್ರೋದ ಪ್ರಾದೇಶಿಕ ಶೈಕ್ಷಣಿಕ ಕೇಂದ್ರವೂ ಇದೆ.

ಆದರೆ ಜಾಸ್ತಿ ಜನ ಎಡವುವುದು ಅರ್ಹತೆಯಲ್ಲಲ್ಲ, ಅರ್ಜಿಯ ವಿಷಯದಲ್ಲಿ. ತಮ್ಮ ಪಿಎಚ್‌ಡಿ ಪ್ರಬಂಧದ ಕೊನೆಯ ಅಧ್ಯಾಯವನ್ನೇ ಸ್ವಲ್ಪ ತಿದ್ದಿ ಕಳಿಸಿಬಿಡುತ್ತಾರೆ. ರೆಸ್ಪಾಂಡ್‌ನಲ್ಲಿ ನೋಡುವುದೇ ಬೇರೆ: ಈ ಕೆಲಸ ಇಸ್ರೋದ ಯಾವ ಕೇಂದ್ರಕ್ಕೆ ಬೇಕು? ಆ ಕೇಂದ್ರಗಳು ತಮಗೆ ಉತ್ತರ ಬೇಕಾದ ಪ್ರಶ್ನೆಗಳನ್ನು ಪಟ್ಟಿ ಮಾಡಿ ಪ್ರಕಟಿಸುತ್ತವೆ. ಅದನ್ನು ರೆಸ್ಪಾಂಡ್ ಬ್ಯಾಸ್ಕೆಟ್ ಅನ್ನುತ್ತಾರೆ. ಅದನ್ನು ಮೊದಲು ಓದಿ. ಆಮೇಲೆ ಆ ವಿಷಯ ನೋಡಿಕೊಳ್ಳುವ ವಿಜ್ಞಾನಿಗೆ ಇಮೇಲ್ ಬರೆಯಿರಿ. ನಿಮ್ಮ ವಿಷಯಕ್ಕಾದರೆ ಅಹಮದಾಬಾದಿನ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್, ಹೈದರಾಬಾದಿನ ದೂರಸಂವೇದಿ ಕೇಂದ್ರ ಎನ್‌ಆರ್‌ಎಸ್‌ಸಿ. ಅವರು ಜೊತೆಗೆ ನಿಂತರೆ ಅರ್ಜಿಯ ತೂಕವೇ ಬೇರೆ.

ಅವರಿಗೆ ಏನು ಬರೆಯಬೇಕು? ಇಲ್ಲಿ ನಿಮ್ಮ ಊರೇ ನಿಮ್ಮ ಬಲ. 2022ರ ಫೆಬ್ರವರಿಯಲ್ಲಿ ಹಾರಿದ, ಇಸ್ರೋದ ಇಒಎಸ್-04 ರೇಡಾರ್ ಉಪಗ್ರಹ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ, ನಾಸಾ ಮತ್ತು ಇಸ್ರೋ ಸೇರಿ ಮಾಡಿದ ನಿಸಾರ್ ಕೂಡ ರೇಡಾರ್ ಉಪಗ್ರಹವೇ. ರೇಡಾರ್ ಅಲೆ ನೆಲಕ್ಕೆ ಬಡಿದು ಮರಳುವಾಗ ಎಷ್ಟು ಬಲವಾಗಿದೆ ಅನ್ನುವುದು ಮಣ್ಣಿನ ತೇವದ ಮೇಲೆ ನಿಂತಿದೆ. ಆದರೆ ಬರೀ ತೇವದ ಮೇಲಲ್ಲ. ಹೊಲ ಉತ್ತಿದೆಯೇ, ಬೆಳೆ ಎಷ್ಟು ಎತ್ತರವಿದೆ, ಮಣ್ಣು ಯಾವುದು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಪ್ಪು ಮಣ್ಣಿನ ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಪಕ್ಕದ ಕೆಂಪು ಮಣ್ಣಿನ ಮಸಾರಿ ನೆಲ ಹಾಗಲ್ಲ. ಒಂದೇ ಸೂತ್ರ ಎರಡಕ್ಕೂ ಸರಿಹೋಗುತ್ತದೆಯೇ ಅಂತ ಹೇಳಬೇಕಾದರೆ ಯಾರಾದರೂ ಹೊಲಕ್ಕೇ ಹೋಗಿ ಅಳೆಯಬೇಕು ಅಲ್ವಾ? ಅಹಮದಾಬಾದಿನಲ್ಲಿ ಕೂತು ಅದನ್ನು ಮಾಡಲಾಗದು. ನೀವು ಬೆಳಿಗ್ಗೆ ಬೈಕ್ ಹತ್ತಿ ಹೋಗಿ ಮಾಡಬಹುದು.

ಹಣ ಬರುವ ಮೊದಲೇ ಇದನ್ನು ಶುರು ಮಾಡಿ ಅನ್ನುವುದು ನನ್ನ ಗಟ್ಟಿ ಸಲಹೆ. ನಿಸಾರ್ 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ. ಅದರ ಮಾಹಿತಿ ಉಚಿತ. ಅದು ನಿಮ್ಮ ಊರ ಮೇಲೆ ಹಾದುಹೋಗುವ ದಿನ ನಾಲ್ಕಾರು ಹೊಲಗಳಿಂದ ಮಣ್ಣು ತನ್ನಿ. ತೂಗಿ, 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಿ. ಸಿವಿಲ್ ವಿಭಾಗದ ಮಣ್ಣಿನ ಲ್ಯಾಬ್‌ನಲ್ಲಿ ಆ ಒಲೆ ಇದ್ದೇ ಇರುತ್ತದೆ. ಒಂದು ಮಳೆಗಾಲದ ಇಂಥ ಲೆಕ್ಕ ಕೈಯಲ್ಲಿದ್ದರೆ ನಿಮ್ಮ ಇಮೇಲ್‌ಗೆ ಉತ್ತರ ಬರುವ ಸಾಧ್ಯತೆ ಹೆಚ್ಚು.

ಮಂಜೂರಾದ ಹಣದಲ್ಲಿ ಸಂಶೋಧನಾ ವಿದ್ಯಾರ್ಥಿಯ ಫೆಲೋಶಿಪ್, ಸಣ್ಣ ಉಪಕರಣ, ಓಡಾಟ, ಸಾಮಗ್ರಿಯ ಖರ್ಚು ನಡೆಯುತ್ತದೆ. ನಿಮ್ಮ ಸಂಬಳಕ್ಕಲ್ಲ. ಕೇಂದ್ರ ಸರ್ಕಾರದ ದರದಂತೆ 2023ರಿಂದ ಕಿರಿಯ ಸಂಶೋಧಕರಿಗೆ, ಅಂದರೆ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಇದಕ್ಕೆ ಬೇಕಾದ ನೆಟ್ ಅಥವಾ ಗೇಟ್ ಪರೀಕ್ಷೆ ಪಾಸಾದವರು ಸಣ್ಣ ಊರಿಗೆ ಬರಲು ಹಿಂದೇಟು ಹಾಕುತ್ತಾರೆ. ಹಾಗಾಗಿ ನಿಮ್ಮ ಕೊನೇ ವರ್ಷದ ಹುಡುಗ ಹುಡುಗಿಯರಿಗೆ ಈಗಲೇ ಗೇಟ್ ಬರೆಸಿ.

ನಿಮ್ಮ ಸಹೋದ್ಯೋಗಿಗಳಿಗಾಗಿ ಎರಡು ಮಾತು. ವಿಮಾನ ವಿಜ್ಞಾನದವರು ಡಿಆರ್‌ಡಿಓ ಅಡಿಯಲ್ಲಿ 1971ರಿಂದ ಇರುವ ವಿಮಾನಯಾನ ಸಂಶೋಧನಾ ಮಂಡಳಿ ಎಆರ್‌ಡಿಬಿ ನೋಡಬೇಕು. ಹವಾಮಾನ, ಸಾಗರ, ಭೂಕಂಪದವರಿಗೆ ಭೂವಿಜ್ಞಾನ ಸಚಿವಾಲಯ ಇದೆ. ಖಾಸಗಿ ಬಾಹ್ಯಾಕಾಶ ಉದ್ಯಮ ನೋಡಿಕೊಳ್ಳುವ ಇನ್‌ಸ್ಪೇಸ್‌ನ ಸೀಡ್ ಫಂಡ್ ಅಂತ ಕೇಳಿರುತ್ತೀರಿ, ಅದು ಸ್ಟಾರ್ಟಪ್‌ಗಳಿಗೆ. ಅದರ ಹಿಂದೆ ಸುಮ್ನೆ ಅಲೆಯಬೇಡಿ.

ಕೊನೆಗೆ, ಯಾರೂ ಮೊದಲೇ ಹೇಳದ ಒಂದು ವಿಷಯ. ಹಣ ಒಂದೇ ಸಲ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನದು ಬಿಡುಗಡೆಯಾಗದು. ಕಾಲೇಜಿನ ಲೆಕ್ಕ ವಿಭಾಗದಲ್ಲಿ ಆ ಕಾಗದ ತಡವಾದರೆ ತಿಂಗಳುಗಟ್ಟಲೆ ಫೆಲೋಶಿಪ್ ಇಲ್ಲದೆ ಕಷ್ಟಪಡುವುದು ನಿಮ್ಮ ವಿದ್ಯಾರ್ಥಿ. ಮಾರ್ಚ್ ಮುಗಿದ ಕೂಡಲೇ ಲೆಕ್ಕ ಮುಗಿಸಿಕೊಡಲು ಒಬ್ಬರನ್ನು ಗೊತ್ತು ಮಾಡಿ ಅಂತ ಅರ್ಜಿಗೆ ಸಹಿ ಹಾಕಿಸುವ ದಿನವೇ ಪ್ರಿನ್ಸಿಪಾಲರನ್ನು ಕೇಳಿ.