ಬಸುರಿ ಇರುವ ಮನೆಯಲ್ಲಿ ಬೆಕ್ಕಿನ ಲಿಟರ್ ಬಾಕ್ಸ್: ಬೆಕ್ಕನ್ನೇ ಬಿಟ್ಟು ಬರಬೇಕಾ?

ಪ್ರಶ್ನೆ: ತುಮಕೂರಿನಲ್ಲಿ ಬಾಡಿಗೆ ಮನೆ, ಮೊದಲ ಮಹಡಿ. ನನಗೀಗ ಮೂರನೇ ತಿಂಗಳು. ಎರಡು ವರ್ಷದ ಬೆಕ್ಕೊಂದಿದೆ, ಮನೆಯಿಂದ ಆಚೆ ಹೋಗುವುದಿಲ್ಲ. ಬಾತ್‌ರೂಮ್ ಪಕ್ಕ ಟಬ್‌ನಲ್ಲಿ ಮರಳು ಹಾಕಿಟ್ಟಿದ್ದೇವೆ, ಇಲ್ಲಿಯವರೆಗೆ ದಿನಾ ನಾನೇ ಕ್ಲೀನ್ ಮಾಡುತ್ತಿದ್ದೆ. ಗುಬ್ಬಿಯಿಂದ ಬಂದ ಅತ್ತೆ "ಬಸುರಿ ಇರೋ ಮನೇಲಿ ಬೆಕ್ಕು ಇರಬಾರದು, ಮೊದಲು ಎಲ್ಲಾದರೂ ಬಿಟ್ಟು ಬನ್ನಿ" ಅನ್ನುತ್ತಿದ್ದಾರೆ. ಬಿಟ್ಟು ಬರಲೇಬೇಕಾ?

ಉತ್ತರ: ಬೇಡ, ಬೆಕ್ಕು ಇರಲಿ. ಟಬ್ ಕ್ಲೀನ್ ಮಾಡುವ ಕೆಲಸ ಮಾತ್ರ ಇವತ್ತಿನಿಂದಲೇ ನಿಮ್ಮ ಕೈ ಬಿಡಲಿ. ಹೆರಿಗೆ ಆಗುವವರೆಗೆ ಅದನ್ನು ನಿಮ್ಮ ಯಜಮಾನರು ಮಾಡಲಿ. ಅತ್ತೆಯವರಿಗೆ ಬೆಕ್ಕಿನ ಬಗ್ಗೆ ಅಷ್ಟು ಕಾಳಜಿ ಇದ್ದರೆ ಮಗನಿಗೆ ಈ ಕೆಲಸ ಒಪ್ಪಿಸುವ ಜವಾಬ್ದಾರಿಯನ್ನು ಅವರಿಗೇ ಕೊಡಿ, ಬೇಗ ಆಗುತ್ತೆ!

ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಟಾಕ್ಸೊಪ್ಲಾಸ್ಮಾ ಅಂತ ಒಂದು ಪರಾವಲಂಬಿ ಜೀವಿ ಇದೆ. ಕಣ್ಣಿಗೆ ಕಾಣುವುದಿಲ್ಲ, ಒಂದೇ ಕೋಶದ್ದು. 1908ರಲ್ಲೇ ಇದನ್ನು ಗುರುತಿಸಿದ್ದರು. ಆದರೆ ಇದು ಬೆಕ್ಕಿನ ಹೊಟ್ಟೆಯಲ್ಲಿ ಮರಿ ಮಾಡಿ ಮಲದ ಮೂಲಕ ಹೊರಗೆ ಬರುತ್ತೆ ಅನ್ನುವುದು ಖಚಿತವಾಗಲು ಇನ್ನೂ ಅರವತ್ತು ವರ್ಷ ಹಿಡಿಯಿತು. ಇಲಿ, ಹಕ್ಕಿ ಅಥವಾ ಹಸಿ ಮಾಂಸ ತಿಂದ ಬೆಕ್ಕಿಗೆ ಇದು ಅಂಟುತ್ತೆ. ಸೋಂಕು ತಗುಲಿದ ಬೆಕ್ಕಿನ ಮಲದಲ್ಲಿ ಒಂದರಿಂದ ಮೂರು ವಾರ ಇದರ ಮೊಟ್ಟೆಯಂಥ ಕಣಗಳು ಲಕ್ಷಗಟ್ಟಲೆ ಬರುತ್ತವೆ. ಆಮೇಲೆ ನಿಂತುಹೋಗುತ್ತೆ. ಬಹುತೇಕ ಬೆಕ್ಕುಗಳಿಗೆ ಜೀವಮಾನದಲ್ಲಿ ಇದು ಒಂದೇ ಸಲ ಆಗುವುದು, ಅದೂ ಹೆಚ್ಚಾಗಿ ಮರಿಯಾಗಿದ್ದಾಗ, ಬೇಟೆ ಕಲಿಯುವ ಹೊತ್ತಿಗೆ.

ನಿಮಗೆ ಅನುಕೂಲದ ಸಂಗತಿ ಒಂದಿದೆ. ಆಗ ತಾನೇ ಬಿದ್ದ ಮಲದಿಂದ ಸೋಂಕು ಹರಡುವುದಿಲ್ಲ. ಆ ಕಣಗಳು ಹೊರಗಿನ ಗಾಳಿಯಲ್ಲಿ ಬಲಿಯಬೇಕು. ಅದಕ್ಕೆ ಒಂದರಿಂದ ಐದು ದಿನ ಬೇಕು. ಹಾಗಾಗಿ ದಿನಾ ಬೆಳಗ್ಗೆ ಎತ್ತುವ ಟಬ್‌ಗೂ, ಭಾನುವಾರಕ್ಕೊಮ್ಮೆ ಮೂಗು ಮುಚ್ಚಿಕೊಂಡು ಎತ್ತುವ ಟಬ್‌ಗೂ ಅಜಗಜಾಂತರ. ನೀವು ದಿನಾ ಎತ್ತುತ್ತಿದ್ದಿರಿ, ನಿಮ್ಮ ಬೆಕ್ಕು ಹೊರಗೆ ಹೋಗಲ್ಲ, ಎರಡು ವರ್ಷದ್ದು. ಅದಕ್ಕೆ ಹಸಿ ಮಾಂಸ ಹಾಕುವ ಅಭ್ಯಾಸ ಇಲ್ಲದಿದ್ದರೆ ಅಪಾಯ ತೀರಾ ಕಡಿಮೆ. ಚಿಕನ್ ಅಂಗಡಿಯಿಂದ ಕೋಳಿ ಕರುಳು, ಕಾಲು ತಂದು ಹಾಗೇ ಹಾಕುತ್ತಿದ್ದರೆ ನಿಲ್ಲಿಸಿ, ಚೆನ್ನಾಗಿ ಬೇಯಿಸಿ ಹಾಕಿ. ಮಡಿಲಲ್ಲಿ ಕೂರಿಸಿಕೊಂಡರೆ, ತಲೆ ಸವರಿದರೆ ಸೋಂಕು ಬರುವ ಸಾಧ್ಯತೆ ಇಲ್ಲ ಅನ್ನುವಷ್ಟು ಕಡಿಮೆ. ಕೂದಲು ಹೊಟ್ಟೆಗೆ ಹೋಗಿ ಮಗುವಿಗೆ ಸುತ್ತಿಕೊಳ್ಳುತ್ತೆ ಅಂತ ಕೆಲವರು ಹೆದರಿಸುತ್ತಾರೆ, ಅದು ಆಗದ ಮಾತು.

ಯಜಮಾನರು ಕ್ಲೀನ್ ಮಾಡುವಾಗ ಒಂದೆರಡು ವಿಷಯ ನೋಡಿಕೊಳ್ಳಲಿ. ಎತ್ತಿದ್ದನ್ನು ಕವರ್‌ಗೆ ಹಾಕಿ ಬಿಗಿಯಾಗಿ ಕಟ್ಟಿ ಕಸದ ಗಾಡಿಗೆ ಕೊಡಬೇಕು. ಗೊಬ್ಬರ ಅಂತ ತುಳಸಿ ಕುಂಡಕ್ಕೋ ತೆಂಗಿನ ಬುಡಕ್ಕೋ ಸುರಿಯುವಂತಿಲ್ಲ. ಟಬ್ ತೊಳೆಯುವಾಗ ಕುದಿಯುವ ನೀರು ಸುರಿದು ಸ್ವಲ್ಪ ಹೊತ್ತು ಬಿಡಬೇಕು. ಫಿನಾಯಿಲ್, ಬ್ಲೀಚಿಂಗ್ ಪೌಡರ್ ವಾಸನೆಗೆ ಸರಿ, ಈ ಕಣಗಳ ಮುಂದೆ ಅವುಗಳ ಆಟ ನಡೆಯಲ್ಲ. ಎಂದಾದರೂ ಮನೆಯಲ್ಲಿ ಯಾರೂ ಇಲ್ಲ, ನೀವೇ ಮಾಡಬೇಕು ಅಂತಾದರೆ ಗ್ಲೌಸ್ ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ, ಧೂಳು ಏಳದಂತೆ ಮೆಲ್ಲಗೆ ಎತ್ತಿ. ಗ್ಲೌಸ್ ತೆಗೆದ ಮೇಲೂ ಸೋಪು ಹಾಕಿ ಕೈ ತೊಳೆಯಿರಿ.

ಇಷ್ಟು ಹೇಳಿದರೂ ನನಗೆ ಜಾಸ್ತಿ ಚಿಂತೆ ನಿಮ್ಮ ಟಬ್ ಬಗ್ಗೆ ಅಲ್ಲ, ಊರಿನ ಬಗ್ಗೆ. ನಮ್ಮ ಕಡೆ ಬಹಳಷ್ಟು ಬೆಕ್ಕುಗಳಿಗೆ ಲಿಟರ್ ಬಾಕ್ಸ್ ಎಲ್ಲಿದೆ ಹೇಳಿ? ತಿಪಟೂರು, ಗುಬ್ಬಿ ಕಡೆ ಕೊಬ್ಬರಿ ಅಟ್ಟ ಇರುವ ಮನೆಗಳಲ್ಲಿ, ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಮೇಯಿಸುವ ಮನೆಗಳಲ್ಲಿ ಇಲಿ ಕಾಟಕ್ಕೆ ಅಂತಲೇ ಬೆಕ್ಕು ಸಾಕುತ್ತಾರೆ. ಅವು ಇಲಿ ಹಿಡಿದು ತಿನ್ನುವ ಬೆಕ್ಕುಗಳು. ಅವುಗಳ ಪಾಯಿಖಾನೆ ಅಂದರೆ ಹಿತ್ತಲು, ಬೂದಿ ಗುಡ್ಡೆ, ಹೂವಿನ ಕುಂಡ, ಅಡಿಕೆ ತೋಟದ ತಂಪು ಮಣ್ಣು. ಟೌನ್‌ನಲ್ಲಾದರೆ ಕಟ್ಟುತ್ತಿರುವ ಮನೆ ಮುಂದಿನ ಮರಳು ಗುಡ್ಡೆ. ಬೆಳಗ್ಗೆ ಹೋಗಿ ನೋಡಿ, ಎಂ ಸ್ಯಾಂಡ್ ಗುಡ್ಡೆ ಮೇಲೆ ಅಲ್ಲಲ್ಲಿ ಅಂಗೈ ಅಗಲ ಕೆರೆದು ಮುಚ್ಚಿದ ಗುರುತು ಇರುತ್ತೆ. ತೇವ, ನೆರಳು ಇರುವ ಮಣ್ಣಿನಲ್ಲಿ ಈ ಕಣಗಳು ವರ್ಷಕ್ಕಿಂತ ಜಾಸ್ತಿ ದಿನ ಜೀವ ಹಿಡಿದುಕೊಂಡಿರುತ್ತವೆ. ಅಲ್ಲಿಂದ ನೀರಿಗೆ, ಸೊಪ್ಪಿಗೆ, ಗಡ್ಡೆ ತರಕಾರಿಗೆ.

ಅಂದರೆ ಮನೆಯಲ್ಲಿ ಬೆಕ್ಕಿಲ್ಲದ ಬಸುರಿಯೂ ನಿಶ್ಚಿಂತೆಯಾಗಿ ಇರುವಂತಿಲ್ಲ. ಕುಂಡದ ಮಣ್ಣು ಕೆದಕುವಾಗ ಗ್ಲೌಸ್ ಇರಲಿ. ಕೋಸಂಬರಿಗೆ ಹಾಕುವ ಕ್ಯಾರೆಟ್, ಸೌತೆಕಾಯಿ, ಮೇಲೆ ಉದುರಿಸುವ ಕೊತ್ತಂಬರಿ ಸೊಪ್ಪು, ಇವು ಹಸಿಯಾಗಿ ಹೊಟ್ಟೆಗೆ ಹೋಗುವಂಥವು. ಕೊತ್ತಂಬರಿ ಕಟ್ಟನ್ನು ಬೇರು ಕತ್ತರಿಸಿ, ಎಳೆ ಬಿಡಿಸಿ, ಪಾತ್ರೆ ನೀರಲ್ಲಿ ಮುಳುಗಿಸಿ ಜಾಲಾಡಿ. ತಳದಲ್ಲಿ ಮಣ್ಣು ಕೂರುವುದು ನಿಲ್ಲುವವರೆಗೆ ನೀರು ಬದಲಿಸಿ. ಬಸ್ಸಾರು, ಮಸ್ಸೊಪ್ಪಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಸೊಪ್ಪು ಬೆಂದಿರುತ್ತೆ.

ಬಸುರಿಯರಲ್ಲಿ ಕೆಲವರಿಗೆ ಮಣ್ಣು, ಬೂದಿ ತಿನ್ನುವ ಆಸೆ ಬರುತ್ತೆ. ಮಳೆ ಬಿದ್ದ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುತ್ತೆ. ಬಯಕೆ ಅಂತ ಮನೆಯವರೂ ಸುಮ್ಮನಾಗುತ್ತಾರೆ. ಹಿತ್ತಲ ಮಣ್ಣು ಬಾಯಿಗೆ ಹೋದರೆ ಟಾಕ್ಸೊಪ್ಲಾಸ್ಮಾಗೆ ಅದಕ್ಕಿಂತ ಸಲೀಸಾದ ದಾರಿ ಬೇರೆ ಇಲ್ಲ, ಜಂತುಹುಳುವಿಗೂ ಅದೇ ದಾರಿ. ಇಂಥ ಬಯಕೆ ಹೆಚ್ಚಾಗಿ ಕಬ್ಬಿಣದ ಅಂಶ ಕಡಿಮೆ ಇರುವವರಲ್ಲಿ ಕಾಣುತ್ತೆ. ನಾಚಿಕೊಳ್ಳದೆ ಡಾಕ್ಟರಿಗೋ ಆಶಾ ಕಾರ್ಯಕರ್ತೆಗೋ ಹೇಳಿ, ರಕ್ತ ಪರೀಕ್ಷೆ ಮಾಡಿಸಿ ಮಾತ್ರೆ ಕೊಡುತ್ತಾರೆ.

ಇನ್ನು ಮಾಂಸ. ಯೂರೋಪಿನ ಆರು ನಗರಗಳ ಗರ್ಭಿಣಿಯರ ಬಗ್ಗೆ 2000ದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದರ ಪ್ರಕಾರ ಅಲ್ಲಿನ ಸೋಂಕುಗಳಲ್ಲಿ ಶೇಕಡಾ 30ರಿಂದ 63ರಷ್ಟು ಸರಿಯಾಗಿ ಬೇಯದ ಮಾಂಸದಿಂದ ಬಂದವು, ಶೇಕಡಾ 6ರಿಂದ 17ರಷ್ಟು ಮಣ್ಣಿನಿಂದ. ಬೆಕ್ಕು ಸಾಕಿದ್ದಕ್ಕೇ ಸೋಂಕು ಬಂತು ಅನ್ನಲು ಆಧಾರ ಸಿಗಲಿಲ್ಲ. ನಾವು ಅವರ ಹಾಗೆ ಅರೆಬೆಂದ ಮಾಂಸ ತಿನ್ನುವವರಲ್ಲ, ಕುಕ್ಕರ್‌ನಲ್ಲಿ ವಿಷಲ್ ಮೇಲೆ ವಿಷಲ್ ಕೂಗಿಸುತ್ತೇವೆ. ಆದ್ದರಿಂದ ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೇ ಕೂರುವುದಿಲ್ಲ. ನಮ್ಮ ಎಡವಟ್ಟು ಬೇರೆ ಕಡೆ: ಈಳಿಗೆಮಣೆ. ಭಾನುವಾರ ಮಟನ್ ತುಂಡು ಮಾಡಿ, ನೀರು ಚಿಮುಕಿಸಿ ಬಟ್ಟೆಯಲ್ಲಿ ಒರೆಸಿ, ಅದರಲ್ಲೇ ಈರುಳ್ಳಿ ಸೌತೆಕಾಯಿ ಹೆಚ್ಚುತ್ತೇವೆ. ಮಟನ್ ಬೇಯುತ್ತೆ, ಸೌತೆಕಾಯಿ ಬೇಯುವುದಿಲ್ಲ. ಮೊದಲು ತರಕಾರಿ ಹೆಚ್ಚಿಟ್ಟುಕೊಂಡು ಆಮೇಲೆ ಮಾಂಸಕ್ಕೆ ಕೈ ಹಾಕಿ. ಹಸಿ ಖೈಮಾದ ಉಪ್ಪು ಖಾರ ನಾಲಗೆಗೆ ಹಚ್ಚಿ ನೋಡುವುದನ್ನು ಬಿಡಿ. ಲಿವರ್ ಫ್ರೈ ಒಳಗೆ ಕೆಂಪಗಿದ್ದರೆ ಮತ್ತೆ ಬಾಣಲೆಗೆ ಹಾಕಿ. ಮೇಕೆ ಹಾಲು ಕುಡಿಯುವ ರೂಢಿ ಇದ್ದರೆ ಕಾಯಿಸಿಯೇ ಕುಡಿಯಿರಿ.

ಸೋಂಕು ತಗುಲಿದರೆ ತಾಯಿಗೆ ಹೆಚ್ಚಾಗಿ ಏನೂ ಗೊತ್ತಾಗುವುದಿಲ್ಲ. ಸಣ್ಣ ಜ್ವರ, ಮೈಕೈ ನೋವು, ಕುತ್ತಿಗೆಯಲ್ಲಿ ಗಂಟು ಅಷ್ಟೇ. ತೊಂದರೆ ಮಗುವಿಗೆ. ಬಸುರಿನ ಮೊದಲ ತಿಂಗಳುಗಳಲ್ಲಿ ಸೋಂಕು ಮಗುವಿಗೆ ದಾಟುವುದು ಕಡಿಮೆ, ದಾಟಿದರೆ ಹಾನಿ ಜಾಸ್ತಿ: ಗರ್ಭಪಾತ ಆಗಬಹುದು, ಮಿದುಳಿನಲ್ಲಿ ನೀರು ತುಂಬಬಹುದು, ಕಣ್ಣು ಹಾಳಾಗಬಹುದು. ಕೊನೆಯ ತಿಂಗಳುಗಳಲ್ಲಿ ದಾಟುವುದು ಸುಲಭ, ಆದರೆ ಹಾನಿ ಅಷ್ಟಿರುವುದಿಲ್ಲ. ಹುಟ್ಟಿದಾಗ ಚೆನ್ನಾಗಿದ್ದ ಮಗುವಿಗೆ ವರ್ಷಗಳ ಮೇಲೆ ಕಣ್ಣಿನ ತೊಂದರೆ ಕಾಣಿಸಿಕೊಳ್ಳುವುದೂ ಉಂಟು. ಬಸುರಿಯಾಗುವ ಎಷ್ಟೋ ಮೊದಲೇ ಸೋಂಕು ಬಂದು ಹೋಗಿದ್ದರೆ ಮೈಯಲ್ಲಿ ಅದಕ್ಕೆ ಪ್ರತಿರೋಧ ಇರುತ್ತೆ, ಸಾಮಾನ್ಯವಾಗಿ ಮಗುವಿಗೆ ಭಯವಿಲ್ಲ.

ಈ ಕೊನೆಯ ಮಾತು ಗೊತ್ತಿಲ್ಲದೆ ಟಾರ್ಚ್ ಟೆಸ್ಟ್ (ತಾಯಿಯಿಂದ ಮಗುವಿಗೆ ದಾಟಬಲ್ಲ ಇಂಥ ಸೋಂಕುಗಳನ್ನು ಹುಡುಕುವ ರಕ್ತ ಪರೀಕ್ಷೆ) ರಿಪೋರ್ಟ್ ಹಿಡಿದು ಅಳುವವರು ಬಹಳ. ಐಜಿಜಿ, ಐಜಿಎಂ ಅಂದರೆ ಸೋಂಕಿನ ವಿರುದ್ಧ ಮೈ ತಯಾರಿಸುವ ಎರಡು ಬಗೆಯ ಪ್ರತಿಕಾಯಗಳು. ರಿಪೋರ್ಟ್‌ನಲ್ಲಿ ಐಜಿಜಿ ಮಾತ್ರ ಪಾಸಿಟಿವ್ ಇದ್ದರೆ ಅದು ಸಾಮಾನ್ಯವಾಗಿ ಹಳೆಯ ಸೋಂಕಿನ ಗುರುತು. ಐಜಿಎಂ ಪಾಸಿಟಿವ್ ಬಂದರೆ ಇತ್ತೀಚಿನದು ಇರಬಹುದು, ಆದರೆ ಅದು ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷದಾಚೆಗೂ ಹಾಗೇ ಉಳಿಯುತ್ತೆ. ಆ ಒಂದೇ ಸಾಲು ನೋಡಿ ಯಾರೂ ತೀರ್ಮಾನಕ್ಕೆ ಬರಬಾರದು. ಐಜಿಜಿ ಅವಿಡಿಟಿ ಅಂತ ಇನ್ನೊಂದು ಟೆಸ್ಟ್ ಇದೆ, ಸೋಂಕು ಹಳೆಯದಾ ಹೊಸದಾ ಅಂತ ಅಂದಾಜು ಮಾಡಲು. ಹೊಸದು ಅಂತ ಗೊತ್ತಾದರೂ ದಾರಿ ಮುಚ್ಚಿಲ್ಲ. ಸ್ಪೈರಮೈಸಿನ್‌ನಂಥ ಔಷಧಿಗಳಿವೆ, ಸ್ಕ್ಯಾನ್‌ನಲ್ಲಿ ಮಗುವನ್ನು ನೋಡುತ್ತಿರುತ್ತಾರೆ. ಮುಂದಿನ ಸಲ ತಾಯಿ ಕಾರ್ಡ್ ಹಿಡಿದು ಚೆಕಪ್‌ಗೆ ಹೋದಾಗ "ಮನೆಯಲ್ಲಿ ಬೆಕ್ಕಿದೆ, ಟಬ್ ನಾನೇ ಕ್ಲೀನ್ ಮಾಡುತ್ತಿದ್ದೆ" ಅಂತ ಹೇಳಿ. ಟೆಸ್ಟ್ ಬೇಕಾ ಬೇಡವಾ ಅವರು ಹೇಳುತ್ತಾರೆ. ಬೆಕ್ಕನ್ನು ಟೆಸ್ಟ್ ಮಾಡಿಸಲು ದುಡ್ಡು ಹಾಕಬೇಡಿ, ಅದರಿಂದ ನಿಮಗೆ ತಿಳಿಯುವುದು ಏನೂ ಇಲ್ಲ.

ಗೋಣಿಚೀಲದಲ್ಲಿ ಹಾಕಿ ಎಪಿಎಂಸಿ ಯಾರ್ಡ್ ಹತ್ತಿರ ಬಿಟ್ಟು ಬರುವ ಯೋಚನೆ ಇದ್ದರೆ ಅದನ್ನಂತೂ ಮಾಡಬೇಡಿ. ಮನೆಯೊಳಗೆ ಬೆಂದದ್ದು ತಿಂದುಕೊಂಡಿದ್ದ ಬೆಕ್ಕು ಅಲ್ಲಿ ಇಲಿ ಹಿಡಿಯಲು ಶುರು ಮಾಡುತ್ತೆ, ಇನ್ಯಾರದೋ ಅಂಗಳದಲ್ಲಿ ಮಣ್ಣು ಕೆರೆಯುತ್ತೆ. ಹಾಗೇ ಈ ಒಂಬತ್ತು ತಿಂಗಳಲ್ಲಿ ಬೀದಿಯ ಮರಿ ಬೆಕ್ಕನ್ನು ಹೊಸದಾಗಿ ಮನೆಗೆ ತರುವುದೂ ಬೇಡ.

ಬಾಣಂತನಕ್ಕೆ ತವರಿಗೆ ಹೋಗುತ್ತೀರಿ ಅಂತಿಟ್ಟುಕೊಳ್ಳಿ. ಅಲ್ಲಿ ಹಿತ್ತಲಲ್ಲಿ ಓಡಾಡುವ ಬೆಕ್ಕು ಪರಚಿದರೆ ಅಥವಾ ಕಚ್ಚಿದರೆ ಟಾಕ್ಸೊಪ್ಲಾಸ್ಮಾ ಮರೆತುಬಿಡಿ, ಯೋಚಿಸಬೇಕಾದ್ದು ರೇಬಿಸ್ ಬಗ್ಗೆ. ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ. ಬಸುರಿಯರಿಗೆ ರೇಬಿಸ್ ಇಂಜೆಕ್ಷನ್ ಕೊಡಬಾರದು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಬಸುರಿಯರಿಗೂ, ಹಾಲೂಡಿಸುವ ಬಾಣಂತಿಯರಿಗೂ ಅದನ್ನು ಕೊಡುತ್ತಾರೆ, ಕೊಡಲೇಬೇಕು.