ಕಾಗದಪತ್ರಗಳಿಗೊಂದು ಡೇಟಾಬೇಸ್: ಟೇಬಲ್ ಮಾಡುವ ಮುನ್ನ ಒಂದು ಪ್ರಶ್ನೆ

ಪಾಸ್‌ಪೋರ್ಟ್, ವಿಮೆ, ವಾಹನದ ನೋಂದಣಿ, ವಾರಂಟಿ ಕಾರ್ಡು, ವೈದ್ಯಕೀಯ ವರದಿ, ಇವೆಲ್ಲದರ ವಿವರ ಒಂದೇ ಕಡೆ ಸಿಗುವಂತಿರಬೇಕು ಅನಿಸಿದಾಗ ಬಹುತೇಕರು ಸ್ಪ್ರೆಡ್‌ಶೀಟ್ ತೆರೆಯುತ್ತಾರೆ. ಮೂವತ್ತು ನಲವತ್ತು ಸಾಲಿನವರೆಗೆ ಅದರಲ್ಲಿ ತಪ್ಪೇನಿಲ್ಲ. ಆಮೇಲೆ ತೊಂದರೆ ಎರಡು ಕಡೆಯಿಂದ ಬರುತ್ತದೆ.

ಮೊದಲನೆಯದು ಸ್ಪ್ರೆಡ್‌ಶೀಟಿನ ಅತಿಜಾಣತನ. ಎಕ್ಸೆಲ್ ಒಂದು ಸಂಖ್ಯೆಯ 15 ಅಂಕಿಗಳನ್ನಷ್ಟೇ ನಿಖರವಾಗಿ ಉಳಿಸಿಕೊಳ್ಳುತ್ತದೆ. 16 ಅಂಕಿಯ ಸಂಖ್ಯೆಯನ್ನು ಸಾಮಾನ್ಯ ಕೋಶದಲ್ಲಿ ಟೈಪ್ ಮಾಡಿದರೆ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಮುಂದೆ ಸೊನ್ನೆ ಇರುವ ಪಾಲಿಸಿ ಸಂಖ್ಯೆಯಲ್ಲಿ ಆ ಸೊನ್ನೆಯೇ ಮಾಯ. ಕೆಲವು ಜೀನ್‌ಗಳ ಹೆಸರನ್ನು ಎಕ್ಸೆಲ್ ತಾರೀಕು ಎಂದು ತಿಳಿದು ತಿದ್ದುತ್ತಿದ್ದ ಕಾಟಕ್ಕೆ, ಮಾನವ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಕೊನೆಗೆ ಹೆಸರು ಬದಲಿಸಿತು. 2020ರ ಅದರ ಮಾರ್ಗಸೂಚಿಯಲ್ಲಿ ಈ ಮಾತು ಇದೆ. ವಿಜ್ಞಾನಿಗಳೇ ಸೋತ ಕಡೆ ನಾವು ಗೆಲ್ಲುತ್ತೇವೆಂದು ಹೊರಡುವುದು ಬೇಡ.

ಎರಡನೆಯ ತೊಂದರೆ ಇನ್ನೂ ಆಳದ್ದು: ಒಂದೇ ವಿಷಯವನ್ನು ಹಲವು ಕಡೆ ಬರೆಯಬೇಕಾಗುತ್ತದೆ. ವಿಮಾ ಏಜೆಂಟರ ಫೋನ್ ನಂಬರು ಆರು ಪಾಲಿಸಿಗಳ ಸಾಲಿನಲ್ಲಿ ಆರು ಸಲ ಇರುತ್ತದೆ. ನಂಬರು ಬದಲಾದಾಗ ನಾಲ್ಕು ಕಡೆ ತಿದ್ದುತ್ತೇವೆ, ಎರಡು ಕಡೆ ಹಳೆಯದೇ ಉಳಿಯುತ್ತದೆ. ವರ್ಷ ಕಳೆದ ಮೇಲೆ ಯಾವುದು ಸರಿ ಎಂದು ಆ ಹಾಳೆ ನೋಡಿ ಹೇಳುವುದಕ್ಕೇ ಆಗುವುದಿಲ್ಲ.

ಇದಕ್ಕೆ ಮದ್ದು ಹಳೆಯದೇ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾದರಿಯನ್ನು ಮಂಡಿಸಿದರು. ಮಾಹಿತಿಯನ್ನು ಟೇಬಲ್‌ಗಳಲ್ಲಿಡಿ, ಒಂದು ಟೇಬಲ್ಲಿಗೂ ಇನ್ನೊಂದಕ್ಕೂ ನಂಟನ್ನು ಅವುಗಳೊಳಗಿನ ಮೌಲ್ಯಗಳ ಮೂಲಕವೇ ಕಟ್ಟಿ ಎಂಬುದು ಅದರ ತಿರುಳು. ಬ್ಯಾಂಕಿನ ಲಕ್ಷಾಂತರ ಖಾತೆಗಳನ್ನು ನಡೆಸುವ ತತ್ವವೇ ನಿಮ್ಮ ಕಪಾಟಿನ ಇನ್ನೂರು ಕಾಗದಗಳಿಗೂ ಸಾಕು.

ಸಾಫ್ಟ್‌ವೇರ್ ಯಾವುದು ಎಂಬ ಚರ್ಚೆಯನ್ನು ಬೇಗ ಮುಗಿಸೋಣ. ಒಬ್ಬರೇ ಬಳಸುವ ಸಣ್ಣ ಸಂಗ್ರಹಕ್ಕೆ ನನ್ನ ಶಿಫಾರಸು ಡೇಟಾಬೇಸ್ ಎಂಜಿನ್ (ಮಾಹಿತಿ ಉಳಿಸಿ, ಹುಡುಕಿ ಕೊಡುವ ತಂತ್ರಾಂಶ) ಆದ ಎಸ್‌ಕ್ಯೂಲೈಟ್, ಅದನ್ನು ತೆರೆದು ನೋಡಲು ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್’. ಎರಡೂ ಉಚಿತ. ಇಡೀ ಡೇಟಾಬೇಸ್ ಒಂದೇ ಫೈಲು, ಸರ್ವರ್ ಬೇಡ. 2000ರಲ್ಲಿ ಶುರುವಾದ ಈ ಎಂಜಿನ್ ಅನ್ನು 2050ರವರೆಗೆ ನಿರ್ವಹಿಸುವ ಇರಾದೆ ಅದರ ತಯಾರಕರದ್ದು. ಮೂವತ್ತು ವರ್ಷ ಬಾಳಬೇಕಾದ ದಾಖಲೆಗೆ ಇದು ಸಣ್ಣ ಮಾತಲ್ಲ. ಲಿಬ್ರೆಆಫೀಸ್ ಬೇಸ್‌ನಲ್ಲಿ ಫಾರಂ, ರಿಪೋರ್ಟ್ ಮಾಡುವುದು ಸುಲಭ. ಆದರೆ ಅದರ ಒಳಗೇ ಬರುವ ಎಂಜಿನ್ ಆದ ಎಚ್‌ಎಸ್‌ಕ್ಯೂಎಲ್‌ಡಿಬಿಗೆ ಜಾವಾ ಬೇಕು, ಮತ್ತು ಪ್ರೋಗ್ರಾಂ ನಡುವೆ ನಿಂತುಹೋದರೆ ಆ ಹೊತ್ತಿನ ಬದಲಾವಣೆ ಕಳೆದುಕೊಳ್ಳುವ ಅಪಾಯ ಇದೆ. ಮೈಕ್ರೋಸಾಫ್ಟ್ ಆಕ್ಸೆಸ್ ಬಳಸಿ ರೂಢಿ ಇದ್ದವರು ಅದರಲ್ಲೇ ಮುಂದುವರಿಯಲಿ. ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಫೈಲಿನ ಮಿತಿ 2 ಜಿಬಿ, ಅಷ್ಟೇ.

ಈಗ ಅಸಲು ಕೆಲಸ. ಟೇಬಲ್ ಮಾಡುವ ಮುನ್ನ ಕಾಗದದ ಮೇಲೆ ಬರೆಯಬೇಕಾದದ್ದು ಒಂದೇ ವಾಕ್ಯ: ‘ಈ ಟೇಬಲ್ಲಿನ ಒಂದು ಸಾಲು ಅಂದರೆ ಒಂದು ____’. ಬಿಟ್ಟ ಜಾಗದಲ್ಲಿ ಒಂದೇ ನಾಮಪದ ಬರಬೇಕು. ‘ಒಂದು ಪಾಲಿಸಿ ಮತ್ತು ಅದರ ಏಜೆಂಟು’ ಎಂದು ಬರೆದಿರಾದರೆ ಅಲ್ಲಿರುವುದು ಎರಡು ಟೇಬಲ್. ‘ಫೋನ್ 1, ಫೋನ್ 2, ಫೋನ್ 3’ ಎಂದು ಕಾಲಂ ಹಾಕಬೇಕೆನಿಸಿದರೆ ಫೋನ್ ಪ್ರತ್ಯೇಕ ಟೇಬಲ್ ಆಗಬೇಕು ಎಂದರ್ಥ. ಒಂದೇ ಕೋಶದಲ್ಲಿ ಅಲ್ಪವಿರಾಮ ಹಾಕಿ ಮೂರು ಹೆಸರು ಬರೆಯುವುದೂ ಅದೇ ಕಾಯಿಲೆ.

ಕಾಗದಪತ್ರಗಳ ಸಂಗ್ರಹಕ್ಕೆ ಮುಖ್ಯ ಟೇಬಲ್ ನಾಲ್ಕು ಸಾಕು. ‘ವ್ಯಕ್ತಿ’ ಟೇಬಲ್ಲಿನಲ್ಲಿ ಗುರುತಿನ ಸಂಖ್ಯೆ, ಹೆಸರು, ಫೋನ್, ಟಿಪ್ಪಣಿ. ‘ದಾಖಲೆ’ಯಲ್ಲಿ ಗುರುತಿನ ಸಂಖ್ಯೆ, ಬಗೆ, ದಾಖಲೆಯ ಮೇಲಿರುವ ನಂಬರು, ಕೊಟ್ಟ ಸಂಸ್ಥೆ, ಕೊಟ್ಟ ದಿನ, ಮೂಲಪ್ರತಿ ಇಟ್ಟಿರುವ ಜಾಗ, ಸ್ಕ್ಯಾನ್ ಫೈಲಿನ ಹೆಸರು. ಉಳಿದ ಎರಡು ಟೇಬಲ್‌ಗಳಲ್ಲೇ ಎಲ್ಲರೂ ಎಡವುವುದು, ಅಲ್ಲಿ ಸ್ವಲ್ಪ ನಿಲ್ಲೋಣ.

ಒಂದು ಜೀವವಿಮೆ ಪಾಲಿಸಿಯನ್ನು ಎತ್ತಿಕೊಳ್ಳಿ. ವಿಮೆ ಒಬ್ಬರ ಹೆಸರಿನಲ್ಲಿದೆ, ನಾಮಿನಿ ಇನ್ನೊಬ್ಬರು, ಏಜೆಂಟು ಮೂರನೆಯವರು. ಅದೇ ನಾಮಿನಿ ಬೇರೊಂದು ಪಾಲಿಸಿಯಲ್ಲಿ ವಿಮೆದಾರರು. ‘ದಾಖಲೆ’ ಟೇಬಲ್ಲಿಗೆ ‘ಮಾಲೀಕ’, ‘ನಾಮಿನಿ’ ಎಂದು ಕಾಲಂ ಸೇರಿಸುತ್ತ ಹೋದರೆ, ಜಂಟಿ ಮಾಲೀಕತ್ವದ ಪತ್ರ ಬಂದ ದಿನ ಕಾಲಂ ಸಾಲುವುದಿಲ್ಲ. ಪಾಸ್‌ಪೋರ್ಟಿನ ಸಾಲಿನಲ್ಲಿ ಅವೇ ಕಾಲಂಗಳು ಖಾಲಿ ಹೊಡೆಯುತ್ತವೆ. ಇದಕ್ಕೆ ನಡುವೆ ಒಂದು ಕೊಂಡಿ ಟೇಬಲ್ ಬೇಕು. ಅದರಲ್ಲಿ ಮೂರೇ ಕಾಲಂ: ದಾಖಲೆಯ ಗುರುತು, ವ್ಯಕ್ತಿಯ ಗುರುತು, ಪಾತ್ರ. 41ನೇ ಪಾಲಿಸಿಗೆ ಮೂರು ಸಾಲು ಬರುತ್ತವೆ: (41, 2, ವಿಮೆದಾರ), (41, 3, ನಾಮಿನಿ), (41, 17, ಏಜೆಂಟ್). ಜಂಟಿ ಮಾಲೀಕರು ಐದು ಜನರಿದ್ದರೆ ಐದು ಸಾಲು, ಟೇಬಲ್ಲಿನ ಆಕಾರ ಬದಲಾಗದು. ‘3ನೇ ವ್ಯಕ್ತಿ ಯಾವ ಯಾವ ಕಾಗದದಲ್ಲಿ ನಾಮಿನಿ?’ ಎಂಬ ಪ್ರಶ್ನೆಗೆ ಉತ್ತರ ಕ್ಷಣದಲ್ಲಿ ಸಿಗುತ್ತದೆ. ಮೂರೂ ಕಾಲಂ ಸೇರಿಸಿ ‘ಯೂನಿಕ್’ ನಿಯಮ ಹಾಕಿಬಿಡಿ, ಒಂದೇ ನಂಟನ್ನು ಎರಡು ಸಲ ದಾಖಲಿಸಲು ಹೋದರೆ ಎಂಜಿನ್ ತಡೆಯುತ್ತದೆ.

ನಾಲ್ಕನೆಯದು ‘ಗಡುವು’. ಮುಗಿಯುವ ದಿನವನ್ನು ದಾಖಲೆಯ ಸಾಲಿನಲ್ಲೇ ಇಟ್ಟರೆ ಪ್ರತಿ ನವೀಕರಣಕ್ಕೂ ಹಳೆಯ ತಾರೀಕಿನ ಮೇಲೆ ಹೊಸದನ್ನು ಬರೆಯುತ್ತೀರಿ, ಕಳೆದ ವರ್ಷ ಯಾವಾಗ ಕಟ್ಟಿದ್ದು ಎಂಬುದು ಅಳಿಸಿಹೋಗುತ್ತದೆ. ಅದರ ಬದಲು ಪ್ರತಿ ಗಡುವೂ ಒಂದು ಸಾಲಾಗಲಿ: ದಾಖಲೆಯ ಗುರುತು, ಗಡುವಿನ ದಿನ, ಮಾಡಬೇಕಾದ ಕೆಲಸ, ಮುಗಿಸಿದ ದಿನ. ಕೆಲಸ ಆಗುವವರೆಗೆ ಕೊನೆಯ ಕಾಲಂ ಖಾಲಿ. ವಾಹನದ ವಿಮೆ, ಹೊಗೆ ತಪಾಸಣೆ, ಸರ್ವಿಸು, ಮೂರೂ ಒಂದೇ ಟೇಬಲ್ಲಿನಲ್ಲಿ ಕೂರುತ್ತವೆ.

ಗುರುತಿನ ಸಂಖ್ಯೆಯನ್ನು ಎಂಜಿನ್ ತಾನೇ ಕೊಡಲಿ. ಅದೇ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಸಂಖ್ಯೆ. ಪಾಸ್‌ಪೋರ್ಟ್ ನಂಬರನ್ನೋ ಫೋನ್ ನಂಬರನ್ನೋ ಆ ಕೆಲಸಕ್ಕೆ ಬಳಸಬೇಡಿ, ಅವು ಬದಲಾಗುತ್ತವೆ. ಕೊಂಡಿಯಲ್ಲೂ ಗಡುವಿನಲ್ಲೂ ಬರುವ ಗುರುತುಗಳಿಗೆ ಫಾರಿನ್ ಕೀ ನಿಯಮ ಹಾಕಿ, ಅಂದರೆ ಆ ಗುರುತು ಮೂಲ ಟೇಬಲ್ಲಿನಲ್ಲಿ ನಿಜಕ್ಕೂ ಇರಲೇಬೇಕು ಎಂಬ ನಿಯಮ. ಇಲ್ಲೊಂದು ಬಲೆ ಇದೆ: ಎಸ್‌ಕ್ಯೂಲೈಟ್‌ನಲ್ಲಿ ಫಾರಿನ್ ಕೀ ತಪಾಸಣೆ ಮೂಲತಃ ಆಫ್ ಇರುತ್ತದೆ, ಡೇಟಾಬೇಸಿಗೆ ಸಂಪರ್ಕ ಮಾಡಿದಾಗಲೆಲ್ಲ ಆನ್ ಮಾಡಬೇಕು. ಕೆಲವು ಸಾಫ್ಟ್‌ವೇರ್‌ಗಳು ತಾವೇ ಮಾಡಿಕೊಳ್ಳುತ್ತವೆ, ಕೆಲವು ಮಾಡುವುದಿಲ್ಲ. ಪರೀಕ್ಷೆ ಸುಲಭ. ಕೊಂಡಿ ಟೇಬಲ್ಲಿಗೆ ಇಲ್ಲದ ವ್ಯಕ್ತಿಯ ಸಂಖ್ಯೆ, 9999 ಅಂತಿಟ್ಟುಕೊಳ್ಳಿ, ಹಾಕಿ ನೋಡಿ. ಒಪ್ಪಿಕೊಂಡರೆ ತಪಾಸಣೆ ನಡೆಯುತ್ತಿಲ್ಲ.

ಕಾಲಂಗಳ ಬಗೆ ಆರಿಸುವಾಗ ಕೂಡಿಸಿ ಕಳೆಯುವಂಥದ್ದನ್ನು ಮಾತ್ರ ಸಂಖ್ಯೆ ಎನ್ನಿ. ಫೋನ್, ಪಾಲಿಸಿ, ಖಾತೆಯ ನಂಬರುಗಳೆಲ್ಲ ಪಠ್ಯ. ಎಸ್‌ಕ್ಯೂಲೈಟ್‌ನಲ್ಲೂ ‘ಇಂಟಿಜರ್’ ಎಂದು ಘೋಷಿಸಿದ ಕಾಲಂಗೆ 00731 ಕೊಟ್ಟರೆ 731 ಆಗಿ ಕೂರುತ್ತದೆ. ಅದೇ ಕಾಲಂಗೆ ‘ಗೊತ್ತಿಲ್ಲ’ ಎಂದು ಬರೆದರೆ ಅದನ್ನೂ ಒಪ್ಪಿಕೊಳ್ಳುತ್ತದೆ! ಈ ಉದಾರತೆ ಬೇಡವಾದರೆ ಟೇಬಲ್ ಮಾಡುವಾಗಲೇ ‘ಸ್ಟ್ರಿಕ್ಟ್’ ಎಂದು ಸೇರಿಸಿ, 3.37ನೇ ಆವೃತ್ತಿಯಿಂದ ಈ ಸೌಲಭ್ಯ ಇದೆ.

ತಾರೀಕಿಗೆ ಎಸ್‌ಕ್ಯೂಲೈಟ್‌ನಲ್ಲಿ ಪ್ರತ್ಯೇಕ ಬಗೆಯೇ ಇಲ್ಲ, ಪಠ್ಯವಾಗಿ ಇಡುವುದು ಸುಲಭ. ಕ್ರಮ ಮಾತ್ರ ವರ್ಷ-ತಿಂಗಳು-ದಿನ: 2026-03-07. ನಮ್ಮ ರೂಢಿಯಂತೆ 07-03-2026 ಎಂದು ಬರೆದರೆ ಅದು 12-01-2025ಕ್ಕಿಂತ ಮೊದಲು ಬಂದು ಕೂರುತ್ತದೆ. ಪಠ್ಯದ ಹೋಲಿಕೆ ಎಡದಿಂದ ಅಕ್ಷರ ಅಕ್ಷರ ನಡೆಯುತ್ತದೆ, ಸೊನ್ನೆ ಒಂದಕ್ಕಿಂತ ಚಿಕ್ಕದು. ತಿಂಗಳು 3 ಇದ್ದರೆ 03 ಎಂದೇ ಬರೆಯಬೇಕು. ಅಂಕಿಗಳನ್ನು ಕನ್ನಡದಲ್ಲಿ ಬರೆದರೆ ತಾರೀಕಿನ ಲೆಕ್ಕ ನಡೆಯುವುದೇ ಇಲ್ಲ.

ಕನ್ನಡದಲ್ಲಿ ಮಾಹಿತಿ ತುಂಬುವವರಿಗೆ ಇನ್ನೊಂದು ಮಾತು. ಪರದೆಯ ಮೇಲೆ ಒಂದೇ ಥರ ಕಾಣುವ ಎರಡು ಪದ ಒಳಗೆ ಬೇರೆ ಬೇರೆ ಇರಬಹುದು. ‘ಕಾರ್ಡ್’ ಪದದ ಕೊನೆಗೆ ಕೆಲವು ಕೀಬೋರ್ಡ್‌ಗಳೂ ಪರಿವರ್ತಕಗಳೂ ಕಣ್ಣಿಗೆ ಕಾಣದ ‘ಝೀರೋ ವಿಡ್ತ್ ನಾನ್ ಜಾಯಿನರ್’ ಚಿಹ್ನೆಯನ್ನು ಸೇರಿಸುತ್ತವೆ. ‘ಕೊ’ದಲ್ಲಿನ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಎಂಜಿನ್‌ಗೆ ಅವು ಬೇರೆಯೇ ಪದಗಳು, ಹುಡುಕಿದರೆ ಅರ್ಧ ಸಾಲುಗಳು ಸಿಗುವುದಿಲ್ಲ. ಹೀಗಾಗಿ ದಾಖಲೆಯ ಬಗೆಗಳಿಗೂ ಪಾತ್ರಗಳಿಗೂ ತಲಾ ಒಂದು ಪುಟ್ಟ ಟೇಬಲ್ ಮಾಡಿ, ಪದವನ್ನು ಒಮ್ಮೆ ಮಾತ್ರ ಟೈಪ್ ಮಾಡಿ, ಉಳಿದೆಡೆ ಅದರ ಸಂಖ್ಯೆ ಬಳಸುವುದು ಒಳ್ಳೆಯದು. ಅಕಾರಾದಿಯಲ್ಲೂ ಒಂದು ಕೊಸರು: ಯೂನಿಕೋಡ್‌ನಲ್ಲಿ ಳ ಅಕ್ಷರ ಲ ಆದ ಮೇಲೆ, ವ ಬರುವ ಮೊದಲೇ ಇದೆ. ಆದ್ದರಿಂದ ಎಸ್‌ಕ್ಯೂಲೈಟ್ ಸಾಮಾನ್ಯವಾಗಿ ‘ಹಳೆ’ಯನ್ನು ‘ಹವೆ’ಗಿಂತ ಮುಂಚೆ ಇಡುತ್ತದೆ. ಟೇಬಲ್, ಕಾಲಂಗಳ ಹೆಸರು ಕನ್ನಡದಲ್ಲೂ ನಡೆಯುತ್ತವೆ, ಆದರೆ ಪ್ರತಿ ಕ್ವೆರಿಯಲ್ಲಿ (ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ) ಕೀಬೋರ್ಡ್ ಬದಲಿಸುವುದು ಬೇಸರದ ಕೆಲಸ. ಹೆಸರುಗಳನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಇಡುವುದು ಲೇಸು.

ಕ್ವೆರಿಗಳಲ್ಲಿ ದಿನನಿತ್ಯ ಬೇಕಾಗುವುದು ಒಂದೇ: ಮುಂದಿನ 60 ದಿನಗಳೊಳಗೆ ಬರುವ, ಇನ್ನೂ ಮುಗಿಯದ ಗಡುವುಗಳು. ಷರತ್ತು ಎರಡು. ಮುಗಿಸಿದ ದಿನ ನಲ್, ಅಂದರೆ ಖಾಲಿ, ಆಗಿರಬೇಕು. ಗಡುವಿನ ದಿನ ಇಂದಿಗೆ 60 ದಿನ ಕೂಡಿಸಿದ್ದಕ್ಕಿಂತ ದೊಡ್ಡದಾಗಿರಬಾರದು. ಕೆಳಮಿತಿ ಹಾಕಬೇಡಿ, ಹಾಕಿದರೆ ಆಗಲೇ ಮೀರಿಹೋದ ಗಡುವುಗಳು ಪಟ್ಟಿಯಿಂದ ತಪ್ಪಿಹೋಗುತ್ತವೆ, ಮೊದಲು ಕಾಣಬೇಕಾದವು ಅವೇ. ನಲ್ ಅನ್ನು ಸಮ ಚಿಹ್ನೆಯಿಂದ ಹುಡುಕಿದರೆ ಏನೂ ಬರುವುದಿಲ್ಲ, ‘ಈಸ್ ನಲ್’ ಎಂದೇ ಬರೆಯಬೇಕು. ಎಸ್‌ಕ್ಯೂಲೈಟ್‌ನ ‘ಇಂದು’ ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯದ್ದು, ಜೊತೆಗೆ ‘ಲೋಕಲ್‌ಟೈಮ್’ ಸೇರಿಸದಿದ್ದರೆ ದಿನದ ಕೆಲವು ಗಂಟೆ ಒಂದು ದಿನದ ವ್ಯತ್ಯಾಸ ಬರುತ್ತದೆ. ಕ್ವೆರಿ ಸರಿಹೋದ ಮೇಲೆ ಅದನ್ನು ‘ವ್ಯೂ’ ಆಗಿ ಉಳಿಸಿ. ಮುಂದೆ ಟೇಬಲ್ ತೆರೆದ ಹಾಗೇ ತೆರೆದುಕೊಳ್ಳುತ್ತದೆ.

ಟೇಬಲ್‌ಗಳನ್ನು ಜೋಡಿಸುವಾಗ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಜೋಡಿಸುವ ಷರತ್ತು ಬಿಟ್ಟರೆ ಪ್ರತಿ ಸಾಲೂ ಪ್ರತಿ ಸಾಲಿನ ಜೊತೆ ಸೇರಿ, 200 ದಾಖಲೆ ಮತ್ತು 40 ವ್ಯಕ್ತಿಗಳಿಂದ 8,000 ಸಾಲು ಬರುತ್ತದೆ. ಅದು ಎದ್ದು ಕಾಣುವ ತಪ್ಪು, ಪರವಾಗಿಲ್ಲ. ಕಾಣದ ತಪ್ಪು ಇನ್ನೊಂದು: ಸಾಮಾನ್ಯ ಜಾಯಿನ್ ಹಾಕಿದರೆ ಯಾರೊಂದಿಗೂ ಕೊಂಡಿ ಹಾಕದ ದಾಖಲೆಗಳು ಫಲಿತಾಂಶದಲ್ಲಿ ಬರುವುದೇ ಇಲ್ಲ. ಅವೂ ಬೇಕಿದ್ದರೆ ‘ಲೆಫ್ಟ್ ಜಾಯಿನ್’ ಬಳಸಿ. ಅದನ್ನು ಬಳಸಿಯೂ ‘ಪಾತ್ರ ನಾಮಿನಿ ಆಗಿರಬೇಕು’ ಎಂಬ ಷರತ್ತನ್ನು ಫಲಿತಾಂಶ ಸೋಸುವ ‘ವೇರ್’ನಲ್ಲಿ ಹಾಕಿದರೆ ನಾಮಿನಿ ಇಲ್ಲದ ಪಾಲಿಸಿಗಳು ಮತ್ತೆ ಹೊರಬೀಳುತ್ತವೆ. ಆ ಷರತ್ತು ಜೋಡಣೆಯ ‘ಆನ್’ ಭಾಗದಲ್ಲಿರಬೇಕು.

ಸ್ಕ್ಯಾನ್ ಪ್ರತಿಗಳನ್ನು ಡೇಟಾಬೇಸಿನೊಳಗೆ ತುರುಕುವುದಕ್ಕಿಂತ ಪಕ್ಕದ ಫೋಲ್ಡರಿನಲ್ಲಿಟ್ಟು, ಟೇಬಲ್ಲಿನಲ್ಲಿ ಫೈಲಿನ ಹೆಸರಷ್ಟೇ ಬರೆಯಿರಿ. ಡ್ರೈವ್‌ನಿಂದ ಶುರುವಾಗುವ ಪೂರ್ಣ ವಿಳಾಸ ಬರೆದರೆ ಕಂಪ್ಯೂಟರ್ ಬದಲಿಸಿದ ದಿನ ಎಲ್ಲವೂ ಸುಳ್ಳಾಗುತ್ತದೆ. ಪಾಸ್‌ವರ್ಡ್, ಪಿನ್‌ಗಳನ್ನು ಇಲ್ಲಿ ಖಂಡಿತ ಇಡಬೇಡಿ. ಸಾಮಾನ್ಯ ಎಸ್‌ಕ್ಯೂಲೈಟ್ ಫೈಲಿಗೆ ಬೀಗವೇ ಇಲ್ಲ, ಕೈಗೆ ಸಿಕ್ಕವರು ತೆರೆದು ಓದಬಹುದು. ಇಡೀ ಫೈಲನ್ನು ಗೂಢಲಿಪೀಕರಿಸಬೇಕಿದ್ದರೆ ಎಸ್‌ಕ್ಯೂಎಲ್‌ಸೈಫರ್ ಇದೆ, ಅದರ ಕೀ ಮರೆತರೆ ಮಾಹಿತಿ ಹೋದಂತೆಯೇ.

ಡಿಬಿ ಬ್ರೌಸರಿನಲ್ಲಿ ಮಾಡಿದ ಬದಲಾವಣೆ ‘ರೈಟ್ ಚೇಂಜಸ್’ ಒತ್ತುವವರೆಗೆ ಫೈಲಿಗೆ ಇಳಿಯುವುದಿಲ್ಲ. ಬ್ಯಾಕಪ್ ವಿಷಯದಲ್ಲೂ ಇದು ನೆನಪಿರಲಿ: ಫೈಲು ತೆರೆದಿರುವಾಗಲೇ ನಕಲು ಮಾಡಿದರೆ ಅರ್ಧಂಬರ್ಧ ಪ್ರತಿ ಸಿಗಬಹುದು. ಕ್ಲೌಡ್ ಫೋಲ್ಡರಿನಲ್ಲಿಟ್ಟು ಎರಡು ಕಂಪ್ಯೂಟರಿನಲ್ಲಿ ಒಟ್ಟಿಗೆ ತೆರೆಯುವುದು ಇನ್ನೂ ಕೆಟ್ಟದ್ದು. ಮುಚ್ಚಿದ ಮೇಲೆ ನಕಲಿಸಿ, ಇಲ್ಲವೇ ‘ವ್ಯಾಕ್ಯೂಮ್ ಇಂಟು’ ಆದೇಶದಿಂದ ತಾರೀಕು ಸೇರಿಸಿದ ಹೆಸರಿನಲ್ಲಿ ಹೊಸ ಪ್ರತಿ ಮಾಡಿ. ಆ ಪ್ರತಿಯನ್ನು ತೆರೆದು ‘ಇಂಟೆಗ್ರಿಟಿ ಚೆಕ್’ ನಡೆಸಿ. ಉತ್ತರ ‘ಓಕೆ’ ಎಂದಷ್ಟೇ ಬರಬೇಕು. ವರ್ಷಕ್ಕೊಮ್ಮೆ ಪ್ರತಿ ಟೇಬಲ್ಲನ್ನೂ ಸರಳ ಪಠ್ಯರೂಪದ ಸಿಎಸ್‌ವಿಗೆ ಇಳಿಸಿಡಿ. ಅದನ್ನು ಎಕ್ಸೆಲ್‌ನಲ್ಲಿ ನೇರ ಡಬಲ್ ಕ್ಲಿಕ್ ಮಾಡಿದಾಗ ಕನ್ನಡ ಅಕ್ಷರ ಚೆಲ್ಲಾಪಿಲ್ಲಿಯಾಗಿ ಕಂಡರೆ ಫೈಲು ಕೆಟ್ಟಿದೆ ಎಂದು ಗಾಬರಿ ಬೇಡ. ‘ಡೇಟಾ’ ಮೆನುವಿನಿಂದ ಆಮದು ಮಾಡಿ, ಯುಟಿಎಫ್-8 ಆರಿಸಿ, ನಂಬರಿನ ಕಾಲಂಗಳನ್ನು ಪಠ್ಯ ಎಂದು ಗುರುತಿಸಿ.