ಪದ ಪರಿಚಯ: ಡಬ್ (ಡಬ್ಬಿಂಗ್ ಅಲ್ಲ, ದಯವಿಟ್ಟು)

ಹೋದ ವಾರ ಹೊಸ ಡಬ್ ಟೆಕ್ನೋ (ಎಕೋ ತುಂಬಿದ ಎಲೆಕ್ಟ್ರಾನಿಕ್ ಕುಣಿತದ ಸಂಗೀತ) ರೆಕಾರ್ಡ್ ಒಂದು ಮನೆಗೆ ಬಂತು. ಹನ್ನೆರಡು ಇಂಚಿನದು, ಹಿಂಬದಿಯಲ್ಲಿ ರೀಮಿಕ್ಸ್. ಕವರ್ ತಿರುಗಿಸಿ ನೋಡಿದ ಗೆಳೆಯ ಕೇಳಿದ, "ಡಬ್ ಅಂತಿದೆ, ಮೂಲ ಯಾವ ಭಾಷೆಯದು?" ಈ ಪ್ರಶ್ನೆ ನನಗೆ ಇದು ಮೂರನೇ ಸಲ.

ತಪ್ಪು ಅವನದಲ್ಲ ಬಿಡಿ. ಡಬ್ಬಿಂಗ್ ಬೇಕೋ ಬೇಡವೋ ಅಂತ ದಶಕಗಟ್ಟಲೆ ಜಗಳ ಆಡಿದವರು ನಾವು. ಡಬ್ ಅಂದ ಕೂಡಲೇ ತುಟಿ ಒಂದು ಕಡೆ, ಮಾತು ಒಂದು ಕಡೆ ಹೋಗುವ ಸಿನಿಮಾನೇ ನೆನಪಾಗುತ್ತೆ. ಸಿನಿಮಾದ ಡಬ್ಬಿಂಗ್, ಸಂಗೀತದ ಡಬ್, ಎರಡಕ್ಕೂ ಬೇರು ಒಂದೇ: 'ಡಬಲ್'. ಒಂದಿದ್ದದ್ದನ್ನು ಎರಡು ಮಾಡೋದು, ನಕಲು ತೆಗೆಯೋದು. ಆದರೆ ಸಿನಿಮಾದವರು ಆ ನಕಲಿಗೆ ದನಿ ಹಾಕಿದರು. ಸಂಗೀತದ ಡಬ್ ಹುಟ್ಟಿಸಿದ ಜಮೈಕಾದವರು ಇದ್ದ ದನಿಯನ್ನೇ ತೆಗೆದರು.

ಅಲ್ಲಿ ಸೌಂಡ್ ಸಿಸ್ಟಂ (ದೊಡ್ಡ ಸ್ಪೀಕರ್ ಇಟ್ಟು ರೆಕಾರ್ಡ್ ಹಾಕಿ ಜನರನ್ನು ಕುಣಿಸುವ ತಂಡ) ನಡೆಸುವವರು ಟೇಪಿನಿಂದ ತಮಗೆ ಬೇಕಾದ ಹಾಡಿನ ಒಂದೇ ಒಂದು ಪ್ರತಿಯನ್ನು ಲ್ಯಾಕರ್ ಬಳಿದ ಅಲ್ಯೂಮಿನಿಯಂ ತಟ್ಟೆಗೆ ಇಳಿಸಿಕೊಳ್ಳುತ್ತಿದ್ದರು. ಅದೇ ಡಬ್‌ಪ್ಲೇಟ್. ಮೆತ್ತಗಿನ ತಟ್ಟೆ, ಹಾಕಿದಷ್ಟೂ ಬೇಗ ಸವೆಯುತ್ತೆ. 1960ರ ದಶಕದ ಕೊನೆಯಲ್ಲಿ ಸೌಂಡ್ ಸಿಸ್ಟಂ ನಡೆಸುತ್ತಿದ್ದ ರಡ್ಡಿ ರೆಡ್‌ವುಡ್‌ಗೆ ಇಂಥದೊಂದು ಪ್ಲೇಟ್ ಮಾಡಿಕೊಡುವಾಗ ಇಂಜಿನಿಯರ್ ಗಾಯಕರ ದನಿ ಬಿಟ್ಟುಬಿಟ್ಟನಂತೆ. ರೆಡ್‌ವುಡ್ ಅದನ್ನು ಹಾಗೇ ಹಾಕಿದ. ಕುಣಿಯೋಕೆ ಬಂದವರು ತಾವೇ ಹಾಡಿಕೊಂಡರು. ಆಮೇಲೆ ಸಿಂಗಲ್‌ಗಳ (ಬದಿಗೊಂದೇ ಹಾಡಿನ ರೆಕಾರ್ಡ್) ಹಿಂಬದಿಯಲ್ಲಿ ದನಿಯಿಲ್ಲದ 'ವರ್ಷನ್' ಹಾಕೋದೇ ರೂಢಿಯಾಯಿತು. ರೇಡಿಯೋ ರಿಪೇರಿ ಗೊತ್ತಿದ್ದ ಕಿಂಗ್ ಟಬ್ಬಿ ಇದನ್ನು ಕಲೆ ಮಾಡಿದ. ಮಿಕ್ಸರ್ ಮುಂದೆ ಕೂತು ದನಿ ಇಳಿಸುತ್ತಿದ್ದ, ಡ್ರಮ್ಮು ಬಾಸು ಉಳಿಸುತ್ತಿದ್ದ, ಯಾವುದೋ ಪದದ ಬಾಲ ಮಾತ್ರ ಎಕೋದಲ್ಲಿ ತೇಲಿ ಹೋಗೋಕೆ ಬಿಡುತ್ತಿದ್ದ.

ಅಂದರೆ ಡಬ್ ಕಳೆಯುವ ಲೆಕ್ಕ. ರೀಮಿಕ್ಸ್ ಮಾಡುವವರು ಹೊಸ ತಾಳ, ಹೊಸ ಸ್ವರ ಏನು ಬೇಕಾದರೂ ಸೇರಿಸಬಹುದು. ಡಬ್ ಮಾಡುವವನ ಬಂಡವಾಳ ಟೇಪಲ್ಲಿ ಇದ್ದದ್ದೇ. ಈಗ ರಿವರ್ಬ್ (ಖಾಲಿ ಹಾಲ್‌ನಲ್ಲಿ ಮೊಳಗಿದಂಥ ಗುಂಗು) ಸುರಿದದ್ದಕ್ಕೆಲ್ಲ ಡಬ್ ಅಂತ ಹೆಸರಿಡೋರಿದ್ದಾರೆ. ಹುಳಿಗೆ ನೀರು ಸುರಿದರೆ ಸಾರಾಗಲ್ಲ ಸ್ವಾಮಿ. (ಡಬ್‌ಸ್ಟೆಪ್ ಅನ್ನೋ ಕುಣಿತದ ಸಂಗೀತ ಬೇರೆ, ಅದು ದಕ್ಷಿಣ ಲಂಡನ್‌ನದು. ಎರಡನ್ನೂ ಒಂದೇ ಡಬ್ಬಿಗೆ ತುಂಬಿ ಮಾರೋ ಅಂಗಡಿಯವರಿಗೂ ಇದನ್ನ ಹೇಳಿ ಸಾಕಾಗಿದೆ.)

ಹಾಗಾದ್ರೆ ಡಬ್ ಟೆಕ್ನೋದಲ್ಲಿ ಕಳೆಯೋಕೆ ಏನಿದೆ? ಹಾಡೇ ಇಲ್ವಲ್ಲ! ಇಲ್ಲೇ ಪದ ಇನ್ನೊಮ್ಮೆ ಹೊರಳಿತು. 1993ರಲ್ಲಿ ಬರ್ಲಿನ್‌ನ ಮಾರ್ಕ್ ಅರ್ನೆಸ್ಟಸ್ ಮತ್ತು ಮೊರಿಟ್ಸ್ ಫಾನ್ ಓಸ್ವಾಲ್ಡ್ ಬೇಸಿಕ್ ಚಾನೆಲ್ ಹೆಸರಲ್ಲಿ ರೆಕಾರ್ಡ್ ತರೋಕೆ ಶುರು ಮಾಡಿದರು. ಮರುವರ್ಷ ಬಂದ 'ಕ್ವಾಡ್ರಂಟ್ ಡಬ್' ಕೇಳಿ. ಅದು ಯಾವ ಹಾಡಿನ ಡಬ್ಬೂ ಅಲ್ಲ. ಕಳೆಯೋಕೆ ದನಿಯೇ ಇಲ್ಲದ ವರ್ಷನ್ ಅದು. ಡಬ್ ಅನ್ನೋದು ಪ್ರತಿಯ ಹೆಸರಾಗಿದ್ದದ್ದು ಕೆಲಸದ ರೀತಿಯ ಹೆಸರಾಯಿತು.

ಹೊಸ ರೆಕಾರ್ಡಿನಲ್ಲೂ ಅದೇ ದಾರಿ. ಸೂಜಿ ಇಳಿದ ಮೇಲೆ ಮೊದಲು ಬರೀ ಸರಸರ. ಅದು ಧೂಳಲ್ಲ, ಬೇಕಂತಲೇ ಬಿಟ್ಟ ಸದ್ದು. ಆಮೇಲೆ ಒಂದು ಕಾರ್ಡ್ (ಒಟ್ಟಿಗೆ ನುಡಿಸಿದ ಕೆಲವು ಸ್ವರ), ಸಣ್ಣ ಹೊಡೆತ. ಅದರ ಎಕೋ ತಿರುಗಿ ತಿರುಗಿ ಮಂಕಾಗುತ್ತೆ, ಪೂರ್ತಿ ಕರಗುವ ಮೊದಲೇ ಮತ್ತೊಂದು ಹೊಡೆತ. ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಗುದ್ದು, ಗೋಡೆಯಾಚೆ ಬಡಿದಂತೆ ಕೇಳುತ್ತೆ. ಹಿಂಬದಿಯ ರೀಮಿಕ್ಸ್‌ನಲ್ಲಿ ಆ ಕಿಕ್ಕೂ ಇಲ್ಲ. ನನ್ನ ಕೇಳಿದರೆ ಅದೇ ಬದಿ ಹೆಚ್ಚು ಡಬ್.

ಗೆಳೆಯ ಎಂಟು ನಿಮಿಷ ಸುಮ್ನೆ ಕೂತಿದ್ದ. ಆಮೇಲೆ ಮೆಲ್ಲಗೆ ಕೇಳಿದ, "ಹಾಡು ಯಾವಾಗ ಶುರುವಾಗುತ್ತೆ?"